ರೇಡಿಯೋ ರಿಪೇರಿ ಹುಡುಗ ರಿಚರ್ಡ್ ಫೈನ್‌ಮನ್

ಈ ಸಲದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೀಬೇಕು ಅಂತ ಸಂಘದ ಮೀಟಿಂಗಿನಲ್ಲಿ ತೀರ್ಮಾನವಾದಾಗ ನಾವು ನಾಲ್ಕು ಜನ ಬೇರೆಯೇ ಒಂದು ತಲೆನೋವಿನಲ್ಲಿದ್ದೆವು. ರಾಜ್ಯೋತ್ಸವದ ವಸ್ತು ಪ್ರದರ್ಶನಕ್ಕೆ ಅಂತ ನಮ್ಮಲ್ಲೊಬ್ಬ ಶಿರಸಿ ಕಡೆಯ ತನ್ನ ಊರಿನಿಂದ ಅಜ್ಜನ ಕಾಲದ ವಾಲ್ವ್ ರೇಡಿಯೋ ಹೊತ್ತು ತಂದಿದ್ದ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅದೇ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಕೇಳುತ್ತಿದ್ದ ಅಜ್ಜಿ ಇನ್ನೂ ಇದ್ದಾರೆ. ಅಟ್ಟದಿಂದ ಇಳಿಸಿ ಕೊಡುವಾಗ ಅವರು ಕೇಳಿದ್ದು ಒಂದೇ, ಆದರೆ ಒಂದ್ಸಲ ಅದನ್ನ ಮಾತಾಡಿಸಿ ತಂದುಕೊಡಿ ಅಂತ.

ನಾವು ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರ್. ರೇಡಿಯೋ ಅಂದ್ರೆ ಏನು ಮಹಾ ಅಂತ ಹಿಂದಿನ ರಟ್ಟು ಬಿಚ್ಚಿ, ಒಳಗಿನ ಧೂಳು ತೆಗೆಯೋಕೆ ಬ್ರಷ್ ಹಾಕಿದ್ವಿ. ಬ್ರಷ್ಷಿಗೆ ಸಿಕ್ಕಿ ಆಂಟೆನಾ ಕಾಯಿಲ್‌ನ ತಂತಿ ಪಟಕ್ಕನೆ ತುಂಡಾಯಿತು. ತಲೆಗೂದಲಿನಷ್ಟು ಸಣ್ಣ ತಂತಿ. ಅದನ್ನು ಹಿಡಿಯೋಕೆ ಹೋದರೆ ಇನ್ನೊಂದು ಚೂರು ಮುರಿಯಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಲಿ, ಮಳೆಗಾಲ ಎಲ್ಲವನ್ನೂ ತಡೆದುಕೊಂಡಿದ್ದ ವಸ್ತು ನಾವು ಕೈ ಹಾಕಿದ ಹತ್ತು ನಿಮಿಷದಲ್ಲಿ ಕೆಟ್ಟಿತು. ಅವತ್ತು ರಾತ್ರಿ ಹಾಸ್ಟೆಲ್ಲಿನಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಆಗ ನಮಗೆ ನೆನಪಾದವರು ರಿಚರ್ಡ್ ಫೈನ್‌ಮನ್. ನೊಬೆಲ್ ಬಂದ ಫೈನ್‌ಮನ್ ನಮಗೆಲ್ಲ ಗೊತ್ತು, ಅವರ ಲೆಕ್ಚರ್ ಪುಸ್ತಕಗಳು ಲೈಬ್ರರಿಯಲ್ಲಿವೆ. ಆದರೆ ಹನ್ನೆರಡು ಹದಿಮೂರು ವಯಸ್ಸಿನಲ್ಲಿ ಊರವರ ರೇಡಿಯೋ ರಿಪೇರಿ ಮಾಡಿಕೊಡುತ್ತಿದ್ದ ಫೈನ್‌ಮನ್ ಅಷ್ಟಾಗಿ ಗೊತ್ತಿಲ್ಲ. ಈ ಲೇಖನ ಆ ಹುಡುಗನ ಬಗ್ಗೆ, ಮತ್ತು ಆ ಹುಡುಗ ಕೊನೆಯವರೆಗೂ ಆ ದೊಡ್ಡ ಮನುಷ್ಯನೊಳಗೆ ಹೇಗೆ ಉಳಿದುಕೊಂಡ ಅನ್ನುವುದರ ಬಗ್ಗೆ.

ರಿಚರ್ಡ್ ಹುಟ್ಟಿದ್ದು 1918ರ ಮೇ 11ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಆ ನಗರದ ಅಂಚಿನಲ್ಲಿ, ಸಮುದ್ರದ ಪಕ್ಕದ ಫಾರ್ ರಾಕವೇ ಎಂಬ ಊರಿನಲ್ಲಿ. ಅಪ್ಪ ಮೆಲ್ವಿಲ್ ಸಮವಸ್ತ್ರಗಳ ವ್ಯಾಪಾರದಲ್ಲಿದ್ದವರು, ವಿಜ್ಞಾನಿ ಅಲ್ಲ. ಆದರೆ ಮಗನಿಗೆ ಅವರು ಕಲಿಸಿದ್ದು ಒಂದು ದೊಡ್ಡ ಪಾಠ. ಒಂದು ಹಕ್ಕಿಯ ಹೆಸರು ಹತ್ತು ಭಾಷೆಯಲ್ಲಿ ಗೊತ್ತಿದ್ದರೂ ಆ ಹಕ್ಕಿಯ ಬಗ್ಗೆ ಏನೂ ಗೊತ್ತಾದ ಹಾಗಲ್ಲ, ಅದು ಏನು ಮಾಡುತ್ತಿದೆ ಅಂತ ನೋಡಬೇಕು ಅನ್ನುವುದು. ಕೆಪಾಸಿಟರ್, ಇಂಡಕ್ಟರ್ ಅಂತ ಹೆಸರು ಹೇಳಿ ವೈವಾ ಪಾಸಾಗುವ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ, ಅಲ್ವಾ?

ಹನ್ನೊಂದು ಹನ್ನೆರಡು ವಯಸ್ಸಿಗೆ ರಿಚರ್ಡ್ ಮನೆಯಲ್ಲೇ ಒಂದು ಲ್ಯಾಬ್ ಮಾಡಿಕೊಂಡ. ಲ್ಯಾಬ್ ಅಂದರೆ ಸಾಮಾನು ತುಂಬುವ ಹಳೆಯ ಮರದ ಪೆಟ್ಟಿಗೆ, ಅದಕ್ಕೆ ಒಂದಿಷ್ಟು ಹಲಗೆ. ಒಂದು ಸ್ಟೋರೇಜ್ ಬ್ಯಾಟರಿ, ಸ್ವಿಚ್ಚುಗಳು, ಬಲ್ಬುಗಳು. ಬಲ್ಬುಗಳನ್ನು ಸೀರೀಸಿನಲ್ಲಿ, ಪ್ಯಾರಲಲ್‌ನಲ್ಲಿ ಬೇರೆ ಬೇರೆ ಥರ ಜೋಡಿಸಿ ವೋಲ್ಟೇಜ್ ಹೇಗೆ ಹಂಚಿಹೋಗುತ್ತದೆ ಅಂತ ಬೆಳಕು ನೋಡಿಯೇ ಕಲಿತ. ಫ್ಯೂಸ್ ಕೊಳ್ಳೋಕೆ ದುಡ್ಡಿಲ್ಲ. ಸುಟ್ಟುಹೋದ ಹಳೆಯ ಫ್ಯೂಸಿಗೆ ತೆಳು ತಗಡಿನ ಹಾಳೆ ಸುತ್ತಿ ತಾನೇ ಫ್ಯೂಸ್ ಮಾಡಿಕೊಂಡ. ಫ್ಯೂಸಿಗೆ ಅಡ್ಡಲಾಗಿ ಒಂದು ಐದು ವ್ಯಾಟ್ ಬಲ್ಬ್ ಹಾಕಿದ. ಫ್ಯೂಸ್ ಹೋದರೆ ಕರೆಂಟು ಆ ಬಲ್ಬಿನ ಮೂಲಕ ಹರಿದು ಅದು ಹೊತ್ತಿಕೊಳ್ಳುತ್ತಿತ್ತು. ಬಲ್ಬಿನ ಮುಂದೆ ಮಿಠಾಯಿ ಸುತ್ತುವ ಕಂದು ಕಾಗದ ಇಟ್ಟಿದ್ದರಿಂದ ಬೆಳಕು ಕೆಂಪಾಗಿ ಕಾಣುತ್ತಿತ್ತು. ಏನೋ ಕೆಟ್ಟಿದೆ ಅಂತ ಹೇಳುವ ಕೆಂಪು ದೀಪ. ಎಂಥ ಕಂಪನಿಯ ಕಂಟ್ರೋಲ್ ರೂಮಿಗೂ ಕಡಿಮೆಯಿಲ್ಲ!

ಅವನ ಮೊದಲ ರೇಡಿಯೋ ಒಂದು ಕ್ರಿಸ್ಟಲ್ ಸೆಟ್. ಇದಕ್ಕೆ ಬ್ಯಾಟರಿ ಬೇಡ, ವಾಲ್ವ್ ಬೇಡ. ಆಂಟೆನಾದಿಂದ ಬಂದ ತರಂಗದ ಶಕ್ತಿಯಿಂದಲೇ ಇಯರ್‌ಫೋನಿನಲ್ಲಿ ಸಣ್ಣಗೆ ಸದ್ದು ಕೇಳುತ್ತದೆ. ರಾತ್ರಿ ಹಾಸಿಗೆಯಲ್ಲಿ ಅದನ್ನು ಕಿವಿಗೆ ಹಾಕಿಕೊಂಡೇ ಅವನಿಗೆ ನಿದ್ದೆ ಹತ್ತುತ್ತಿತ್ತು. ಅಪ್ಪ ಅಮ್ಮ ಎಲ್ಲಿಗಾದರೂ ಹೋಗಿ ತಡವಾಗಿ ಬಂದರೆ, ಮೆಲ್ಲಗೆ ರೂಮಿಗೆ ಹೋಗಿ ಅವನ ಕಿವಿಯಿಂದ ಇಯರ್‌ಫೋನ್ ತೆಗೆದಿಡುತ್ತಿದ್ದರು.

ಆಮೇಲೆ ಅವನು ಹಳೆಯ ಸಾಮಾನುಗಳ ಅಗ್ಗದ ಮಾರಾಟಕ್ಕೆ ಹೋಗಿ ಕೆಟ್ಟ ರೇಡಿಯೋಗಳನ್ನು ತರಲು ಶುರುಮಾಡಿದ. ಕೈಯಲ್ಲಿದ್ದ ದುಡ್ಡು ಕಡಿಮೆ, ಆದರೆ ಆ ರೇಡಿಯೋಗಳೂ ದುಬಾರಿಯಲ್ಲ. ತಂದು ಬಿಚ್ಚಿ ನೋಡಿದರೆ ಎಷ್ಟೋ ಸಲ ದೋಷ ತೀರಾ ಸಣ್ಣದು. ಎಲ್ಲೋ ಒಂದು ತಂತಿ ಬಿಟ್ಟುಕೊಂಡು ನೇತಾಡುತ್ತಿರುತ್ತದೆ. ಇಲ್ಲ ಅಂದರೆ ಒಂದು ಕಾಯಿಲ್ ತುಂಡಾಗಿರುತ್ತದೆ, ಅಥವಾ ಅರ್ಧ ಬಿಚ್ಚಿಕೊಂಡಿರುತ್ತದೆ. ಅದನ್ನು ಸರಿಯಾಗಿ ಸುತ್ತಿ ಜೋಡಿಸಿದರೆ ರೇಡಿಯೋ ಮತ್ತೆ ಹಾಡುತ್ತದೆ. ಹೀಗೆ ರಿಪೇರಿ ಮಾಡಿದ ಒಂದು ಸೆಟ್ಟಿನಲ್ಲಿ ಒಂದು ರಾತ್ರಿ ದೂರದ ಟೆಕ್ಸಾಸಿನ ವೇಕೋ ಊರಿನ ಸ್ಟೇಷನ್ ಸಿಕ್ಕಿತು. ಸಾವಿರಕ್ಕೂ ಹೆಚ್ಚು ಮೈಲಿ ಆಚೆಯ ದನಿ! ಹುಡುಗನಿಗೆ ಆದ ಖುಷಿ ಎಷ್ಟಿರಬೇಡ.

ಅವನು ಕಾಯಿಲ್ ಸುತ್ತಿ ಸರಿಮಾಡುತ್ತಿದ್ದ ಅನ್ನುವುದನ್ನು ಓದಿದಾಗ ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು.

ಅದು 1930ರ ದಶಕದ ಆರಂಭ, ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಜನರ ಕೈಯಲ್ಲಿ ಕಾಸಿಲ್ಲ. ಮನೆಯಲ್ಲಿ ರೇಡಿಯೋ ಕೆಟ್ಟರೆ ಅಂಗಡಿಗೆ ಕೊಡುವಷ್ಟು ಶಕ್ತಿ ಇಲ್ಲ. ಕಡಿಮೆ ದುಡ್ಡಿಗೆ ಮಾಡಿಕೊಡುವ ಹುಡುಗನೊಬ್ಬ ಇದ್ದಾನೆ ಅಂತ ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಮೊದಲಿಗೆ ಬಂದ ಕೆಲಸಗಳು ಸುಲಭದವು. ಆಮೇಲೆ ಒಂದೊಂದಾಗಿ ಕಷ್ಟದ ಕೆಲಸಗಳು ಬಂದವು. ಮನೆಯ ಚಾವಣಿ ಹತ್ತಿ ಆಂಟೆನಾ ಸರಿಮಾಡಿದ್ದೂ ಇದೆ.

ಆ ಕಾಲದ ರೇಡಿಯೋ ಕಲಿಯುವವರಿಗೆ ಒಳ್ಳೆಯ ಗುರು. ಒಳಗಿನದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಇದು ರೆಸಿಸ್ಟರ್, ಇದು ಕಂಡೆನ್ಸರ್ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಕಂಡೆನ್ಸರ್‌ನಿಂದ ಮೇಣ ಕರಗಿ ತೊಟ್ಟಿಕ್ಕಿದ್ದರೆ ಅದು ಬಿಸಿಯಾಗಿ ಕೆಟ್ಟಿದೆ ಅಂತ ಅರ್ಥ. ರೆಸಿಸ್ಟರ್ ಮೇಲೆ ಮಸಿ ಹಿಡಿದಿದ್ದರೆ ಅದು ಸುಟ್ಟಿದೆ. ಕಣ್ಣಿಗೆ ಏನೂ ಕಾಣದಿದ್ದರೆ ವೋಲ್ಟ್‌ಮೀಟರ್ ಹಿಡಿಯಬೇಕು. ವಾಲ್ವಿನ ಗ್ರಿಡ್ಡಿನಲ್ಲಿ ಒಂದೂವರೆ ಎರಡು ವೋಲ್ಟ್, ಪ್ಲೇಟಿನಲ್ಲಿ ನೂರು ಇನ್ನೂರು ವೋಲ್ಟ್ ಇರಬೇಕು. ಎಲ್ಲಿ ಇಲ್ಲವೋ ಅಲ್ಲಿ ತಾಪತ್ರಯ. ಇಂದಿನ ಮೊಬೈಲ್ ಬೋರ್ಡಿನಲ್ಲಿ ಅಕ್ಕಿಕಾಳಿಗಿಂತ ಸಣ್ಣ ಭಾಗಗಳನ್ನು ನೋಡುವ ನಮಗೆ ಇದು ಎಷ್ಟು ಸುಲಭ ಅನ್ನಿಸಬಹುದು. ಆದರೆ ಆ ಹುಡುಗನ ಹತ್ತಿರ ಯೂಟ್ಯೂಬ್ ಇರಲಿಲ್ಲ, ಕೇಳೋಕೆ ಸೀನಿಯರ್ ಇರಲಿಲ್ಲ. ಇದ್ದದ್ದು ಕಣ್ಣು, ಮೀಟರು ಮತ್ತು ತಲೆ.

ಒಂದು ದಿನ ಒಬ್ಬ ಗಿರಾಕಿ ಬಂದ. ಬಡವ, ಅವನ ಕಾರು ಕೂಡ ಲಟಾರಿ. ಕಾರಿನಲ್ಲಿ ಕೂರಿಸಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಅವನಿಗೆ ಒಂದೇ ಅನುಮಾನ. ಇಷ್ಟು ಸಣ್ಣ ಹುಡುಗ ಏನು ರಿಪೇರಿ ಮಾಡಿಯಾನು ಅಂತ. ರೇಡಿಯೋದ ದೋಷವೂ ವಿಚಿತ್ರ. ಸ್ವಿಚ್ ಹಾಕಿದ ತಕ್ಷಣ ಕಿವಿ ಕಿತ್ತುಹೋಗುವ ಹಾಗೆ ಗದ್ದಲ. ಸ್ವಲ್ಪ ಹೊತ್ತಾದ ಮೇಲೆ ಗದ್ದಲ ತಾನಾಗಿ ನಿಂತು ರೇಡಿಯೋ ಚೆನ್ನಾಗಿಯೇ ಹಾಡುತ್ತದೆ.

ರಿಚರ್ಡ್ ಸೆಟ್ ಹಾಕಿ ಒಮ್ಮೆ ಕೇಳಿದ. ಆಮೇಲೆ ಆರಿಸಿದ. ಆಮೇಲೆ ಕೋಣೆಯಲ್ಲಿ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ನಡೆಯಲು ಶುರುಮಾಡಿದ. ಆ ಮನುಷ್ಯನಿಗೆ ಸಿಟ್ಟು ಬಂತು. ರಿಪೇರಿಗೆ ಕರೆದರೆ ಇವನು ತಿರುಗಾಡುತ್ತಿದ್ದಾನಲ್ಲ ಅಂತ ಗದರಿದ. ತಾನು ಯೋಚನೆ ಮಾಡುತ್ತಿದ್ದೇನೆ ಅಂತ ಹುಡುಗ ಹೇಳಿದ, ನಡಿಗೆ ನಿಲ್ಲಿಸಲಿಲ್ಲ.

ಅವನು ಯೋಚಿಸುತ್ತಿದ್ದದ್ದು ಏನು? ವಾಲ್ವ್ ಅಂದರೆ ಒಳಗೊಂದು ಸಣ್ಣ ಕುಲುಮೆ ಇದ್ದ ಹಾಗೆ. ಅದು ಬಿಸಿಯಾದ ಮೇಲೇ ಕೆಲಸ ಶುರು. ಎಲ್ಲ ವಾಲ್ವುಗಳೂ ಒಂದೇ ಸಮಯದಲ್ಲಿ ಬಿಸಿಯಾಗಬೇಕು ಅಂತೇನಿಲ್ಲ. ದನಿಯನ್ನು ದೊಡ್ಡದು ಮಾಡುವ ಕೊನೆಯ ವಾಲ್ವುಗಳು ಬೇಗ ಬಿಸಿಯಾಗಿ, ಸ್ಟೇಷನ್ ಹಿಡಿಯುವ ಮೊದಲ ವಾಲ್ವುಗಳು ಇನ್ನೂ ತಣ್ಣಗಿದ್ದರೆ? ಆಗ ಒಳಗೆ ಬರುವ ಸಿಗ್ನಲ್ ಇಲ್ಲ. ಎಲ್ಲಿಂದಲೋ ಸೇರಿಕೊಂಡ ಸಣ್ಣ ಕಸವೇ ದೊಡ್ಡದಾಗಿ ಗದ್ದಲವಾಗಿ ಹೊರಗೆ ಬರುತ್ತದೆ. ಮೊದಲ ಹಂತವೂ ಬಿಸಿಯಾಗಿ ವೋಲ್ಟೇಜುಗಳು ಸರಿಹೋದ ಮೇಲೆ ಎಲ್ಲ ಸಲೀಸು. ಹಾಗಿದ್ದರೆ ಬಿಸಿಯಾಗುವ ಕ್ರಮವನ್ನೇ ಬದಲಿಸಿದರೆ ಹೇಗೆ? ಆ ಸೆಟ್ಟಿನಲ್ಲಿ ಒಂದೇ ನಮೂನೆಯ ಹಲವು ವಾಲ್ವುಗಳಿದ್ದವು. ಹುಡುಗ ಅವನ್ನು ಹುಷಾರಾಗಿ ಕಿತ್ತು ಜಾಗ ಅದಲುಬದಲು ಮಾಡಿ ಹಾಕಿದ. ಸ್ವಿಚ್ ಒತ್ತಿದರೆ ರೇಡಿಯೋ ಮೌನ. ಸ್ವಲ್ಪ ಹೊತ್ತಿಗೆ ಬಿಸಿಯಾಯಿತು, ಹಾಡು ಬಂತು. ಗದ್ದಲ ಇಲ್ಲವೇ ಇಲ್ಲ.

ಮೊದಲು ನಂಬದೆ ಬೈದಿದ್ದ ಆ ಮನುಷ್ಯನೇ ಆಮೇಲೆ ಅವನ ದೊಡ್ಡ ಪ್ರಚಾರಕನಾದ. ಈ ಹುಡುಗ ಯೋಚನೆ ಮಾಡಿಯೇ ರೇಡಿಯೋ ಸರಿಮಾಡುತ್ತಾನೆ ಅಂತ ಊರೆಲ್ಲ ಹೇಳಿಕೊಂಡು ಬಂದ, ಬೇರೆ ಕೆಲಸಗಳನ್ನೂ ಕೊಡಿಸಿದ. ಗಮನಿಸಿ, ಈ ರಿಪೇರಿಯಲ್ಲಿ ಒಂದು ತಂತಿಯನ್ನೂ ಕತ್ತರಿಸಲಿಲ್ಲ, ಒಂದು ಬೆಸುಗೆಯನ್ನೂ ಬಿಚ್ಚಲಿಲ್ಲ. ನಾಜೂಕಾದ ವಸ್ತುವಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಅದನ್ನು ಅನಾವಶ್ಯಕವಾಗಿ ಮುಟ್ಟದೇ ಇರುವುದು. ಬ್ರಷ್ ಹಿಡಿದುಕೊಂಡು ನುಗ್ಗಿದ ನಮಗೆ ಇದು ಗೊತ್ತಿರಲಿಲ್ಲ.

1935ರಲ್ಲಿ ರಿಚರ್ಡ್ ಎಂ.ಐ.ಟಿ. ಸೇರಿದ, 1939ರಲ್ಲಿ ಪದವಿ ಮುಗಿಸಿ ಪ್ರಿನ್ಸ್‌ಟನ್‌ಗೆ ಹೋದ. 1942ರಲ್ಲಿ ಡಾಕ್ಟರೇಟ್ ಬಂತು. ಇನ್ನು ಮುಂದೆ ಅವನು ಅನ್ನುವುದು ಸರಿಯಲ್ಲ, ಅವರು ಅನ್ನೋಣ. ಅದೇ ವರ್ಷ ಜೂನ್ 29ರಂದು ಅವರು ಹದಿಹರೆಯದಿಂದ ಪ್ರೀತಿಸಿದ್ದ ಆರ್ಲೀನ್ ಗ್ರೀನ್‌ಬಾಮ್ ಅವರನ್ನು ಮದುವೆಯಾದರು. ಆರ್ಲೀನ್‌ಗೆ ಆಗಲೇ ಕ್ಷಯರೋಗ. ಆ ಕಾಲದಲ್ಲಿ ಅದಕ್ಕೆ ಸರಿಯಾದ ಔಷಧಿ ಇರಲಿಲ್ಲ. ಮನೆಯವರು ಬೇಡವೆಂದರು. ಫೈನ್‌ಮನ್ ಕೇಳಲಿಲ್ಲ. ಮದುವೆ ಮುಗಿಸಿದವರು ನೇರ ಹೋದದ್ದು ಆಸ್ಪತ್ರೆಗೆ.

1943ರಲ್ಲಿ ಫೈನ್‌ಮನ್ ಅಣುಬಾಂಬಿನ ಗುಪ್ತ ಯೋಜನೆಯ ಕೆಲಸಕ್ಕೆ ನ್ಯೂಮೆಕ್ಸಿಕೋದ ಲಾಸ್ ಅಲಾಮೋಸ್‌ಗೆ ಹೋದರು. ಆರ್ಲೀನ್ ಅವರನ್ನು ಅಲ್ಲಿಂದ ಸುಮಾರು 160 ಕಿಲೋಮೀಟರ್ ದೂರದ ಆಲ್ಬುಕರ್ಕಿಯ ಆಸ್ಪತ್ರೆಯಲ್ಲಿ ಇರಿಸಲಾಯಿತು. ವಾರದ ಕೊನೆಗೆ ದಾರಿಯಲ್ಲಿ ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿ ಹೆಂಡತಿಯನ್ನು ನೋಡಲು ಹೋಗುತ್ತಿದ್ದರು.

ಲಾಸ್ ಅಲಾಮೋಸ್‌ನಲ್ಲೂ ರಿಪೇರಿ ಅವರನ್ನು ಬಿಡಲಿಲ್ಲ. ಆಗ ನಮ್ಮ ಈಗಿನ ಕಂಪ್ಯೂಟರ್ ಇಲ್ಲ. ಲೆಕ್ಕವೆಲ್ಲ ನಡೆಯುತ್ತಿದ್ದದ್ದು ಮಾರ್ಚಂಟ್ ಎಂಬ ಮೇಜಿನ ಮೇಲಿಡುವ ಯಂತ್ರಗಳಲ್ಲಿ. ಒಳಗೆಲ್ಲ ಹಲ್ಲುಚಕ್ರ, ಸನ್ನೆ, ಸ್ಪ್ರಿಂಗು. ಹಗಲೂ ರಾತ್ರಿ ಬಡಿದು ಬಡಿದು ಅವು ಸಿಕ್ಕಿಹಾಕಿಕೊಳ್ಳುತ್ತಿದ್ದವು. ಕೆಟ್ಟದ್ದನ್ನು ತಯಾರಕರ ಬಳಿಗೆ ಕಳಿಸಿದರೆ ಯಾವಾಗ ವಾಪಸ್ ಬರುತ್ತದೋ ಗೊತ್ತಿಲ್ಲ. ದಿನದಿಂದ ದಿನಕ್ಕೆ ಓಡುವ ಯಂತ್ರಗಳು ಕಡಿಮೆಯಾದವು. ಮುಚ್ಚಳ ತೆಗೆಯಬಾರದು ಅಂತ ನಿಯಮ ಇತ್ತು. ಫೈನ್‌ಮನ್ ಮತ್ತು ನಿಕೋಲಸ್ ಮೆಟ್ರೊಪೊಲಿಸ್ ಮುಚ್ಚಳ ತೆಗೆದೇಬಿಟ್ಟರು.

ಅವರು ಹಿಡಿದ ದಾರಿ ನಮ್ಮಂಥವರು ಬರೆದಿಟ್ಟುಕೊಳ್ಳುವಂಥದ್ದು. ಕೆಟ್ಟ ಯಂತ್ರವನ್ನೂ ಸರಿಯಿರುವ ಯಂತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಎರಡೂ ಹೇಗೆ ಚಲಿಸುತ್ತವೆ ಅಂತ ಹೋಲಿಸಿ ನೋಡುವುದು. ಎಲ್ಲಿ ಚಲನೆ ಬೇರೆಯಾಗುತ್ತದೋ ಅಲ್ಲಿ ದೋಷ. ಸಣ್ಣ ರಿಪೇರಿಯಿಂದ ಶುರುಮಾಡಿ, ಕೈ ಪಳಗಿದ ಹಾಗೆ ದೊಡ್ಡದಕ್ಕೆ ಹೋದರು. ತಮ್ಮ ಕೈಲಾಗದು ಅನ್ನಿಸಿದ್ದನ್ನು ಮಾತ್ರ ಕಾರ್ಖಾನೆಗೆ ಕಳಿಸಿದರು. ಇಬ್ಬರು ಭೌತವಿಜ್ಞಾನಿಗಳು ಯಂತ್ರ ರಿಪೇರಿ ಮಾಡುತ್ತಾ ಕೂರುವುದೇ ಅಂತ ಮೇಲಿನವರು ಇದನ್ನು ನಿಲ್ಲಿಸಿದರು. ಆದರೆ ಓಡುವ ಯಂತ್ರಗಳು ಮತ್ತೆ ಕಡಿಮೆಯಾದಾಗ ತಾವಾಗಿಯೇ ಅನುಮತಿ ಕೊಟ್ಟರು.

ಐ.ಬಿ.ಎಂ. ಕಾರ್ಡ್ ಯಂತ್ರಗಳ ವಿಭಾಗ ಅವರ ಕೈಗೆ ಬಂದಾಗಲೂ ಹಾಗೆಯೇ ಆಯಿತು. ಅಲ್ಲಿ ಕೆಲಸ ಮಾಡುತ್ತಿದ್ದ ಯುವಕರಿಗೆ ತಾವು ಮಾಡುತ್ತಿರುವ ಲೆಕ್ಕ ಯಾವುದಕ್ಕೆ ಅಂತಲೇ ಗೊತ್ತಿರಲಿಲ್ಲ, ಎಲ್ಲ ಗುಟ್ಟು. ಫೈನ್‌ಮನ್ ಅನುಮತಿ ಪಡೆದು ಅವರಿಗೆ ವಿಷಯ ತಿಳಿಸಿದರು. ಮೊದಲು ಒಂಬತ್ತು ತಿಂಗಳಲ್ಲಿ ಮೂರು ಲೆಕ್ಕ ಮುಗಿದಿದ್ದರೆ, ಆಮೇಲೆ ಮೂರು ತಿಂಗಳಲ್ಲಿ ಒಂಬತ್ತು ಮುಗಿದವು. ಇಲ್ಲಿ ಕೆಟ್ಟಿದ್ದದ್ದು ಯಂತ್ರ ಅಲ್ಲ, ಕೆಲಸ ಮಾಡುವವರಿಗೆ ಅದರ ಅರ್ಥವೇ ಗೊತ್ತಿಲ್ಲದ ಸ್ಥಿತಿ.

ಈಗ ಒಂದು ಗಡಿಯಾರದ ಕತೆ. ಆರ್ಲೀನ್ ಕಾಯಿಲೆ ಬಿದ್ದ ಹೊಸತರಲ್ಲಿ ಫೈನ್‌ಮನ್ ಅವರಿಗೊಂದು ಗಡಿಯಾರ ಕೊಟ್ಟಿದ್ದರು. ಮುಳ್ಳುಗಳಿಲ್ಲದ, ಅಂಕಿಗಳೇ ಯಾಂತ್ರಿಕವಾಗಿ ತಿರುಗುವ ನಮೂನೆಯದು. ತುಂಬಾ ನಾಜೂಕು. ಏನಾದರೊಂದು ಕಾರಣಕ್ಕೆ ಪದೇ ಪದೇ ನಿಂತುಹೋಗುತ್ತಿತ್ತು. ಫೈನ್‌ಮನ್ ಪ್ರತಿ ಸಲ ಅದನ್ನು ರಿಪೇರಿ ಮಾಡಿ ನಡೆಸುತ್ತಿದ್ದರು. ಎಷ್ಟೋ ವರ್ಷ ಹಾಗೇ ನಡೆಸಿಕೊಂಡು ಬಂದರು. ಅದು ಯಾವಾಗಲೂ ಆರ್ಲೀನ್ ಹಾಸಿಗೆಯ ಪಕ್ಕದಲ್ಲೇ ಇರುತ್ತಿತ್ತು.

1945ರ ಜೂನ್ 16. ಆರ್ಲೀನ್ ಸ್ಥಿತಿ ಗಂಭೀರ ಅಂತ ಕರೆ ಬಂತು. ಫೈನ್‌ಮನ್ ಸಹೋದ್ಯೋಗಿ ಕ್ಲಾಸ್ ಫುಕ್ಸ್ ಅವರ ಕಾರು ಕೇಳಿಕೊಂಡು ಹೊರಟರು. ದಾರಿಯಲ್ಲಿ ಟೈರು ಮೇಲೆ ಟೈರು ಪಂಕ್ಚರ್. ಕೊನೆಗೆ ಕಾರು ಬಿಟ್ಟು ಬೇರೆ ಗಾಡಿ ಹಿಡಿದು ಆಸ್ಪತ್ರೆ ಸೇರಿದರು. ಅದೇ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ ಆರ್ಲೀನ್ ತೀರಿಕೊಂಡರು. ಸ್ವಲ್ಪ ಹೊತ್ತಿನ ನಂತರ ಫೈನ್‌ಮನ್ ಗಡಿಯಾರ ನೋಡಿದರೆ ಅದು ನಿಂತಿದೆ. ನಿಂತಿರುವುದು ಸರಿಯಾಗಿ ಆರ್ಲೀನ್ ಸತ್ತ ಸಮಯಕ್ಕೆ.

ಬೇರೆ ಯಾರಾದರೂ ಆಗಿದ್ದರೆ ಏನೇನೋ ನಂಬಿಬಿಡುತ್ತಿದ್ದರು. ನಮ್ಮ ಮನೆಗಳಲ್ಲಾಗಿದ್ದರೆ ಈ ಕತೆ ಮೂರು ತಲೆಮಾರು ನಡೆಯುತ್ತಿತ್ತು. ಫೈನ್‌ಮನ್ ಆ ಹೊತ್ತಿನಲ್ಲೂ, ಎದೆ ಒಡೆದಿದ್ದ ಆ ಹೊತ್ತಿನಲ್ಲೂ, ಯೋಚನೆ ಮಾಡಿದರು. ಗಡಿಯಾರ ಮೊದಲೇ ಸಡಿಲ ಅಂತ ಅದನ್ನು ಬಿಚ್ಚಿ ಜೋಡಿಸಿದ್ದ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಕೋಣೆಯಲ್ಲಿ ಬೆಳಕು ಮಂದ. ಸಾವಿನ ಸಮಯ ಬರೆದುಕೊಳ್ಳಲು ನರ್ಸ್ ಆ ಗಡಿಯಾರವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿರಬೇಕು. ಎತ್ತಿ ಇಟ್ಟಾಗಿನ ಅಲುಗಾಟಕ್ಕೆ ಅದು ನಿಂತಿರಬೇಕು. ಅಷ್ಟೇ.

ಇದನ್ನು ಓದಿದಾಗ ನಮ್ಮಲ್ಲಿ ವಾದವೇ ಆಯಿತು. ಹೆಂಡತಿ ಸತ್ತ ರಾತ್ರಿ ಗಡಿಯಾರದ ಬಗ್ಗೆ ತರ್ಕ ಮಾಡುವವನು ಎಂಥ ಕಲ್ಲುಮನಸ್ಸಿನವನು ಅಂತ ಒಬ್ಬರು ಹೇಳಿದರು. ನಮಗೆ ಕೊನೆಗೆ ಅನ್ನಿಸಿದ್ದು ಹಾಗಲ್ಲ. ಆಗ ಅವರಿಗೆ ಅಳು ಬರಲಿಲ್ಲ, ನಿಜ. ತಿಂಗಳಾದ ಮೇಲೆ ಓಕ್ ರಿಜ್ ಊರಿನ ಅಂಗಡಿಯೊಂದರ ಕಿಟಕಿಯಲ್ಲಿ ಒಂದು ಉಡುಪು ಕಂಡಿತು. ಇದು ಆರ್ಲೀನ್‌ಗೆ ಇಷ್ಟವಾಗುತ್ತಿತ್ತು ಅನ್ನಿಸಿದ್ದೇ ತಡ, ದುಃಖ ಕಟ್ಟೆಯೊಡೆಯಿತು. ಮುಂದಿನ ವರ್ಷ ಸತ್ತ ಹೆಂಡತಿಗೆ ಅವರು ಒಂದು ಪತ್ರ ಬರೆದು ಲಕೋಟೆಗೆ ಹಾಕಿಟ್ಟಿದ್ದರು. ಅದು ಹೊರಗೆ ಬಂದದ್ದು ಅವರು ಹೋದ ಮೇಲೆ. ಪ್ರೀತಿ ಇತ್ತು, ನೋವೂ ಇತ್ತು. ಆದರೆ ಆ ನೋವಿಗೋಸ್ಕರ ಅವರು ತಮಗೆ ತಾವು ಸುಳ್ಳು ಹೇಳಿಕೊಳ್ಳಲಿಲ್ಲ. ರಿಪೇರಿ ಆಗುವ ಗಡಿಯಾರವನ್ನು ವರ್ಷಗಟ್ಟಲೆ ರಿಪೇರಿ ಮಾಡಿದರು. ರಿಪೇರಿ ಆಗದ ಕಾಯಿಲೆಯ ಪಕ್ಕದಲ್ಲಿ ಕೊನೆಯವರೆಗೆ ಕೂತಿದ್ದರು.

ಒಂದು ತಿಂಗಳಿಗೆ, ಜುಲೈ 16ರಂದು, ಬಾಂಬಿನ ಮೊದಲ ಪರೀಕ್ಷೆ ನಡೆಯಿತು. ಯುದ್ಧ ಮುಗಿದ ಮೇಲೆ ಫೈನ್‌ಮನ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಸೇರಿದರು. 1946ರಲ್ಲಿ ಅಪ್ಪನೂ ಹೋದರು. ಮನಸ್ಸು ಬತ್ತಿಹೋಗಿತ್ತು, ಸಂಶೋಧನೆ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ಯಾರೋ ತಮಾಷೆಗೆ ತಟ್ಟೆ ಮೇಲಕ್ಕೆ ಎಸೆದರು. ತಟ್ಟೆ ತಿರುಗುವುದಕ್ಕೂ ಓಲಾಡುವುದಕ್ಕೂ ಏನು ಸಂಬಂಧ ಅಂತ ಸುಮ್ಮನೆ ಖುಷಿಗೆ ಲೆಕ್ಕ ಹಾಕಿದರು. ಹಳೆಯ ರೇಡಿಯೋ ಬಿಚ್ಚಿ ನೋಡುವಾಗಿನ ಅದೇ ಕುತೂಹಲ. ಅಲ್ಲಿಂದ ಕೆಲಸ ಮತ್ತೆ ಹರಿಯಿತು. ಬೆಳಕು ಮತ್ತು ಎಲೆಕ್ಟ್ರಾನುಗಳ ನಡುವಿನ ವ್ಯವಹಾರವನ್ನು ವಿವರಿಸುವ ಸಿದ್ಧಾಂತಕ್ಕಾಗಿ 1965ರಲ್ಲಿ ಶ್ವಿಂಗರ್ ಮತ್ತು ಟೊಮೊನಾಗ ಅವರ ಜೊತೆ ನೊಬೆಲ್ ಬಂತು.

ನಾಜೂಕಾದ ಸಣ್ಣ ವಸ್ತುಗಳ ಮೇಲಿನ ಪ್ರೀತಿ ಮಾತ್ರ ಹೋಗಲಿಲ್ಲ. 1959ರ ಡಿಸೆಂಬರ್ 29ರಂದು ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಭಾಷಣದಲ್ಲಿ ಅವರು ಒಂದು ಸವಾಲು ಹಾಕಿದರು. ಉದ್ದ ಅಗಲ ಎತ್ತರ ಒಂದೊಂದೂ ಒಂದು ಇಂಚಿನ 64ನೇ ಒಂದು ಭಾಗದೊಳಗೆ ಹಿಡಿಯುವ, ನಿಜವಾಗಿ ತಿರುಗುವ ವಿದ್ಯುತ್ ಮೋಟಾರು ಮಾಡಿದವರಿಗೆ ಸಾವಿರ ಡಾಲರ್. ಹೊಸ ತಂತ್ರಜ್ಞಾನವೇ ಹುಟ್ಟಬೇಕಾದೀತು ಅಂತ ಅವರ ಎಣಿಕೆ. ಆದರೆ 1960ರಲ್ಲೇ ವಿಲಿಯಂ ಮೆಕ್‌ಲೆಲ್ಲನ್ ಎಂಬ ಎಂಜಿನಿಯರ್ ಮೈಕ್ರೋಸ್ಕೋಪ್ ಹೊತ್ತುಕೊಂಡು ಬಂದರು. ಹದಿಮೂರು ಬಿಡಿಭಾಗ, ಒಟ್ಟು ತೂಕ 250 ಮೈಕ್ರೋಗ್ರಾಂ. ಚಿಮಟ, ಮೈಕ್ರೋಸ್ಕೋಪ್, ತಾಳ್ಮೆಯಿಂದ ಕೈಯಲ್ಲೇ ಮಾಡಿದ್ದು. ಹೊಸ ತಂತ್ರಜ್ಞಾನ ಹುಟ್ಟಲಿಲ್ಲ, ಆದರೂ ಫೈನ್‌ಮನ್ ಮಾತಿಗೆ ತಪ್ಪದೆ ಹಣ ಕೊಟ್ಟರು.

ಕೊನೆಯ ದೊಡ್ಡ ರಿಪೇರಿ ಕೆಲಸ ಬಂದದ್ದು 1986ರಲ್ಲಿ. ಆ ಹೊತ್ತಿಗೆ ಎಂಟು ವರ್ಷದಿಂದ ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದರು. ಜನವರಿ 28ರಂದು ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ ಒಳಗಿದ್ದ ಏಳೂ ಜನ ಸತ್ತರು. ತನಿಖೆಯ ಸಮಿತಿಗೆ ಫೈನ್‌ಮನ್ ಅವರನ್ನು ಕರೆದರು. ಅವರು ಮೀಟಿಂಗುಗಳಲ್ಲಿ ಕೂರುವ ಬದಲು ಎಂಜಿನಿಯರುಗಳ ಹತ್ತಿರ ಹೋಗಿ ಕೂತು, ಯಾವ ಭಾಗ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿ ತಿಳಿದರು. ಸಮಿತಿಯ ಇನ್ನೊಬ್ಬ ಸದಸ್ಯ ಜನರಲ್ ಕುಟೀನಾ, ತಮ್ಮ ಹಳೆಯ ಕಾರಿನ ಕಾರ್ಬುರೇಟರ್ ಬಿಚ್ಚುವಾಗ ಬಂದ ಯೋಚನೆ ಅಂತ, ಚಳಿಗೆ ರಬ್ಬರ್ ಏನಾಗುತ್ತದೆ ಎಂದು ಕೇಳಿದರು. ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಹೊರಬರದಂತೆ ತಡೆಯುತ್ತಿದ್ದದ್ದು ಓ-ರಿಂಗ್ ಎಂಬ ತೆಳುವಾದ ರಬ್ಬರ್ ಬಳೆ. ಹಾರಿದ ದಿನ ಬೆಳಿಗ್ಗೆ ಅಲ್ಲಿ ಕೊರೆಯುವ ಚಳಿ.

ಫೆಬ್ರವರಿ 11ರ ಬೆಳಿಗ್ಗೆ ಫೈನ್‌ಮನ್ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಸಣ್ಣ ಕ್ಲಾಂಪು, ಸ್ಕ್ರೂಡ್ರೈವರು, ಇಕ್ಕಳ ಕೊಂಡರು. ಟಿ.ವಿ. ಕ್ಯಾಮೆರಾಗಳ ಮುಂದೆ ವಿಚಾರಣೆ ನಡೆಯುವಾಗ, ನೋಡಲು ಕೊಟ್ಟಿದ್ದ ಮಾದರಿಯಿಂದ ರಬ್ಬರ್ ತುಂಡು ತೆಗೆದು, ಕ್ಲಾಂಪಿನಲ್ಲಿ ಅದುಮಿ, ಮಂಜುಗಡ್ಡೆ ಹಾಕಿದ ನೀರಿನ ಲೋಟದಲ್ಲಿ ಅದ್ದಿದರು. ತೆಗೆದು ಕ್ಲಾಂಪು ಸಡಿಲಿಸಿದರೆ ರಬ್ಬರ್ ತಕ್ಷಣ ಹಿಂದಿನ ಆಕಾರಕ್ಕೆ ಬರಲಿಲ್ಲ. ಕೆಲವು ಸೆಕೆಂಡು ತಡ. ಆ ಕೆಲವು ಸೆಕೆಂಡಿನ ತಡವೇ ಏಳು ಜೀವಗಳ ಬೆಲೆ ಅಂತ ನೋಡಿದವರಿಗೆಲ್ಲ ಅರ್ಥವಾಯಿತು. ನೌಕೆ ನಾಶವಾಗುವ ಸಂಭವ ಲಕ್ಷಕ್ಕೆ ಒಂದು ಅಂತ ಮೇಲಿನ ಅಧಿಕಾರಿಗಳು ಹೇಳುತ್ತಿದ್ದರು. ಕೈಯಾರೆ ಕೆಲಸ ಮಾಡುವ ಎಂಜಿನಿಯರುಗಳ ಅಂದಾಜು ನೂರಕ್ಕೆ ಒಂದರ ಹತ್ತಿರ. ಈ ಅಂತರವನ್ನು ಬರೆದ ತಮ್ಮ ಟಿಪ್ಪಣಿಯನ್ನು ವರದಿಯಲ್ಲಿ ಸೇರಿಸದಿದ್ದರೆ ಸಹಿಯೇ ಬೇಡ ಅಂತ ಪಟ್ಟುಹಿಡಿದು ಸೇರಿಸಿದರು. ರೇಡಿಯೋ ಗದ್ದಲಕ್ಕೆ ಕಾರಣ ಹುಡುಕುತ್ತಾ ಕೋಣೆಯಲ್ಲಿ ತಿರುಗಾಡುತ್ತಿದ್ದ ಹುಡುಗನೇ ಅಲ್ಲವೇ ಇದು?

1988ರ ಫೆಬ್ರವರಿ 15ರಂದು ಲಾಸ್ ಏಂಜಲೀಸ್‌ನಲ್ಲಿ ಫೈನ್‌ಮನ್ ತೀರಿಕೊಂಡರು. ಆಗ ಅವರಿಗೆ 69 ವರ್ಷ.

ಇನ್ನು ನಮ್ಮ ರೇಡಿಯೋ ವಿಷಯ. ಮೊದಲ ಎರಡು ದಿನ ಸ್ಕ್ರೂಡ್ರೈವರ್ ಮುಟ್ಟಬಾರದು ಅಂತ ನಾವೇ ನಿಯಮ ಮಾಡಿಕೊಂಡೆವು. ಫೋಟೋ ತೆಗೆದು, ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅಂತ ಹಾಳೆಯ ಮೇಲೆ ಚಿತ್ರ ಬರೆದೆವು. ತುಂಡಾದ ಕಾಯಿಲ್ ಮೇಲಿನ ಮೇಣವನ್ನು ಸ್ವಲ್ಪವೇ ಬಿಸಿಮಾಡಿ ಒಂದು ಸುತ್ತು ಬಿಡಿಸಿ, ತುದಿಯ ಎನಾಮೆಲ್ ಲೇಪವನ್ನು ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿದೆವು. ಆ ತುದಿಯನ್ನು ನೇರ ಎಳೆಯದೆ, ಸ್ವಲ್ಪ ದಪ್ಪದ ಇನ್ನೊಂದು ತಂತಿಗೆ ಬೆಸೆದು, ಜೋಡಣೆ ಅಲುಗದಂತೆ ಮತ್ತೆ ಮೇಣ ಹಚ್ಚಿದೆವು. ಮೀಟರಿನಲ್ಲಿ ಕಾಯಿಲ್ ಕೂಡಿದ್ದು ತೋರಿಸಿತು. ಸೋರುತ್ತಿದ್ದ ಮೇಣದ ಕಂಡೆನ್ಸರುಗಳಿಗೆ ಹೊಸವು ಬಂದವು. ಕರೆಂಟ್ ಕೊಡುವಾಗ ನೇರ ಪ್ಲಗ್ಗಿಗೆ ಹಾಕದೆ ಸೀರೀಸಿನಲ್ಲಿ ಒಂದು ಬಲ್ಬ್ ಇಟ್ಟೆವು, ಫಾರ್ ರಾಕವೇಯ ಆ ಪೆಟ್ಟಿಗೆ ಲ್ಯಾಬನ್ನು ನೆನೆಸಿಕೊಂಡು. ಒಳಗೆಲ್ಲೋ ಶಾರ್ಟ್ ಇದ್ದರೆ ಬಲ್ಬು ಜೋರಾಗಿ ಉರಿದು ಹೇಳುತ್ತದೆ, ರೇಡಿಯೋ ಉಳಿಯುತ್ತದೆ. ನೀವೂ ಹಳೆಯ ಸೆಟ್ ಬಿಚ್ಚುವುದಾದರೆ ಒಂದು ಮಾತು. ಪ್ಲಗ್ ತೆಗೆದ ಮೇಲೂ ಕಂಡೆನ್ಸರಿನಲ್ಲಿ ಇನ್ನೂರು ಮುನ್ನೂರು ವೋಲ್ಟ್ ಉಳಿದಿರಬಹುದು. ಲ್ಯಾಬಿನ ಸರ್ ಜೊತೆಗಿಲ್ಲದೆ ಕೈ ಹಾಕಬೇಡಿ.

ರೇಡಿಯೋ ಮಾತಾಡಿತು. ಹಿಂದೆ ಒಂದು ಹಮ್ ಅನ್ನುವ ಸದ್ದು ಇನ್ನೂ ಇದೆ. ಅದು ಯಾಕೆ ಬರುತ್ತಿದೆ, ಯಾವ ಫಿಲ್ಟರ್ ಕಂಡೆನ್ಸರ್ ಬದಲಿಸಬೇಕು ಅಂತ ನಮಗೆ ಈಗ ಗೊತ್ತು. ಮುಂದಿನ ರಜೆಗೆ ಅದನ್ನೂ ಸರಿಮಾಡಿ ಅಜ್ಜಿಗೆ ಒಪ್ಪಿಸುತ್ತೇವೆ. ಕಾಯಿಲ್ ತುಂಡು ಮಾಡಿದ್ದು ನಾವೇ ಅನ್ನುವುದನ್ನೂ ಅವತ್ತು ಹೇಳಬೇಕು ಅಂತ ತೀರ್ಮಾನಿಸಿದ್ದೇವೆ. ಯಾರು ಹೇಳುವುದು ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.